ಇನ್ವರ್ನೆಸ್‌ಗೆ ಶಿಫ್ಟ್ ಆಗ್ತಿದೀವಿ, ಹೈಲ್ಯಾಂಡ್ ಕೌನ್ಸಿಲ್ ಏನೇನು ನೋಡ್ಕೊಳ್ಳುತ್ತೆ?

ಪ್ರಶ್ನೆ: ನಮಸ್ಕಾರ ಮೇಡಂ, ನೀವು ಸ್ಕಾಟ್ಲೆಂಡಲ್ಲಿ ಕೌನ್ಸಿಲ್ ಪ್ಲಾನಿಂಗ್ ವಿಭಾಗದಲ್ಲಿ ಕೆಲಸ ಮಾಡ್ತೀರಂತೆ. ನಮ್ಮ ಮನೆಯವ್ರಿಗೆ ಇನ್ವರ್ನೆಸ್‌ನಲ್ಲಿ ನರ್ಸ್ ಕೆಲಸ ಸಿಕ್ಕಿದೆ, ನಾವು ದಾವಣಗೆರೆ ಕಡೆಯವ್ರು, ಮಗಳಿಗೆ ಏಳು ವರ್ಷ. ಎಲ್ಲದಕ್ಕೂ ಹೈಲ್ಯಾಂಡ್ ಕೌನ್ಸಿಲ್ ಕೇಳಿ ಅಂತಾರೆ, ಅದು ನಮ್ಮ ಮಹಾನಗರ ಪಾಲಿಕೆ ಥರಾನಾ ಜಿಲ್ಲಾ ಪಂಚಾಯ್ತಿ ಥರಾನಾ? ಬಾಡಿಗೆ ಕಮ್ಮಿ ಅಂತ ಊರಾಚೆ ಮನೆ ನೋಡಿದ್ರೆ ತೊಂದ್ರೆ ಇದ್ಯಾ?

ಉತ್ತರ: ನಮಸ್ಕಾರ ಸರ್, ಮೊದ್ಲು ನಿಮ್ಮ ಮನೆಯವ್ರಿಗೆ ಅಭಿನಂದನೆ ಹೇಳಿ. ಪಾಲಿಕೆ, ಜಿಲ್ಲಾ ಪಂಚಾಯ್ತಿ ಎರಡೂ ಸೇರಿ ಒಂದೇ ಆಫೀಸ್ ಅಂದ್ಕೊಳ್ಳಿ. 1975ರಿಂದ ಮೇನ್‌ಲ್ಯಾಂಡಲ್ಲಿ ರೀಜನ್ ಬೇರೆ ಡಿಸ್ಟ್ರಿಕ್ಟ್ ಬೇರೆ ಅಂತ ಎರಡು ಹಂತ ಇತ್ತು, 1996ರಲ್ಲಿ ಅದನ್ನ ತೆಗ್ದು ಇಡೀ ಸ್ಕಾಟ್ಲೆಂಡಿಗೆ 32 ಕೌನ್ಸಿಲ್ ಮಾಡಿದ್ರು, ಸ್ಕೂಲು ಕಸ ಲೈಬ್ರರಿ ಊರಿನ ರಸ್ತೆ ಮನೆ ಕಟ್ಟೋ ಪರ್ಮಿಷನ್ ಎಲ್ಲ ಅಲ್ಲೇ. ಆದ್ರೆ ಆಸ್ಪತ್ರೆ ಎನ್‌ಎಚ್‌ಎಸ್ ಹೈಲ್ಯಾಂಡ್ ಅನ್ನೋ ಸರ್ಕಾರಿ ಆರೋಗ್ಯ ಸಂಸ್ಥೆದು, ಪೊಲೀಸ್ 2013ರಿಂದ ಇಡೀ ಸ್ಕಾಟ್ಲೆಂಡಿಗೆ ಒಂದೇ, ಎ9 ಥರ ದೊಡ್ಡ ರಸ್ತೆಗಳು ಸ್ಕಾಟಿಷ್ ಸರ್ಕಾರದ ಕೈಲಿ. ಹಾಗಾಗಿ ಎ9ರಲ್ಲಿ ಗುಂಡಿ ಬಿದ್ರೆ ಕೌನ್ಸಿಲಿಗೆ ಫೋನ್ ಮಾಡಿ ಉಪಯೋಗ ಇಲ್ಲ.

ಇನ್ನು ಊರಾಚೆ ಮನೆ ವಿಷ್ಯ, ಇಲ್ಲಿ ಸ್ವಲ್ಪ ನಿಧಾನವಾಗಿ ಯೋಚಿಸಿ. ಹೈಲ್ಯಾಂಡ್ ಅಂದ್ರೆ 25,000 ಚದರ ಕಿಲೋಮೀಟರ್‌ಗಿಂತ ಜಾಸ್ತಿ, ನಮ್ಮ ಬೆಳಗಾವಿ ಜಿಲ್ಲೆಯ ಹತ್ತತ್ರ ಎರಡರಷ್ಟು, ಆದ್ರೆ ಜನ ಎರಡೂವರೆ ಲಕ್ಷಕ್ಕೂ ಕಮ್ಮಿ. ಇನ್ವರ್ನೆಸ್‌ನಿಂದ ಉತ್ತರದ ಥರ್ಸೋಗೆ ಹೋಗ್ಬೇಕಂದ್ರೂ, ಸ್ಕೈ ದ್ವೀಪದ ಪೋರ್ಟ್‌ರೀಗೆ ಹೋಗ್ಬೇಕಂದ್ರೂ ಕಾರಲ್ಲಿ ಎರಡೂವರೆ ಗಂಟೆ ಹತ್ರ ಆಗುತ್ತೆ, ಅವೆರಡೂ ಇದೇ ಕೌನ್ಸಿಲ್ಲೇ. ಇಷ್ಟು ಜಾಗಕ್ಕೆ ಇಷ್ಟೇ ಜನ ಇದ್ದಾಗ ಪ್ರತಿ ಬಸ್ಸು, ಪ್ರತಿ ಸ್ಕೂಲು ಉಳಿಸ್ಕೊಳ್ಳೋದು ಕಷ್ಟ, ನಾವು ಪ್ಲಾನಿಂಗಲ್ಲಿ ಇರೋರಿಗೆ ದಿನಾ ತಲೆ ಕೆಡೋದೇ ಇದು. ಲಿನಿ ಅನ್ನೋ, ಒಳನಾಡಿಗೆ ಚಾಚಿದ ಕಡಲ ತೋಳು ದಾಟಿಸೋ ಕೊರಾನ್ ಫೆರಿ ನೋಡಿ, ಅದನ್ನ ಕೌನ್ಸಿಲ್ಲೇ ನಡೆಸುತ್ತೆ, ದಾಟೋಕೆ ಕೆಲವೇ ನಿಮಿಷ, ಆದ್ರೆ ಅದು ಕೆಟ್ಟು ನಿಂತ ದಿನ ಆ ಕಡೆ ಹಳ್ಳಿಯವ್ರು ನೀರನ್ನ ಸುತ್ತಿ ಹೋಗೋಕೆ ಗಂಟೆ ಮೀರುತ್ತೆ, ಕೆಲಸ ಸ್ಕೂಲು ಡಾಕ್ಟರು ಎಲ್ಲ ಏರುಪೇರು.

ಮತ್ತೆ ಹಳ್ಳಿ ರಸ್ತೆ ಬಹಳಷ್ಟು ಕಡೆ ಒಂದೇ ಗಾಡಿ ಅಗಲ. ಅಲ್ಲಲ್ಲಿ ಪಾಸಿಂಗ್ ಪ್ಲೇಸ್ ಅಂತ ಬೋರ್ಡ್ ಹಾಕಿ ಜಾಗ ಬಿಟ್ಟಿರ್ತಾರೆ, ಅದು ಎಡಕ್ಕಿದ್ರೆ ಒಳಗೆ ಹೋಗಿ ನಿಲ್ಸಿ, ಬಲಕ್ಕಿದ್ರೆ ಅದರೆದುರು ರಸ್ತೆಯಲ್ಲೇ ನಿಲ್ಸಿ, ಎದುರಿನ ಗಾಡಿಯವ್ರು ಸುತ್ತಿ ಬರ್ತಾರೆ. ನರ್ಸ್ ಅಂದ್ರೆ ನೈಟ್ ಶಿಫ್ಟ್ ಇದ್ದೇ ಇರುತ್ತೆ, ಜನವರಿ ಕತ್ತಲಲ್ಲಿ ಹಿಮ ಕಟ್ಟಿದ ರಸ್ತೆಲಿ ಅವ್ರು ಒಬ್ರೇ ಓಡಿಸ್ಬೇಕು, ಅದಕ್ಕೇ ಮೊದಲ ವರ್ಷ ಇನ್ವರ್ನೆಸ್ ಒಳಗೇ ಇರಿ ಅಂತ ನಾನು ಗಟ್ಟಿಯಾಗಿ ಹೇಳ್ತೀನಿ.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಮೇಡಂ. ಸ್ಕೂಲು, ಕೌನ್ಸಿಲ್ ಟ್ಯಾಕ್ಸ್ ಹೇಗೆ? ಟ್ಯಾಕ್ಸ್ ಓನರ್ ಕಟ್ತಾರಲ್ವಾ?

ಉತ್ತರ: ಇಲ್ಲ ಸರ್, ಸಾಮಾನ್ಯವಾಗಿ ಬಾಡಿಗೆಗೆ ಇರೋರೇ ಕಟ್ಬೇಕು. ಮನೆಯ 1991ರ ಬೆಲೆ ಹಿಡ್ದು ಎ ಇಂದ ಎಚ್ ತನಕ ಬ್ಯಾಂಡ್ ಇದೆ, ಮನೆ ಒಪ್ಪೋ ಮುಂಚೆ ಯಾವ ಬ್ಯಾಂಡ್ ಅಂತ ಕೇಳ್ಕೊಳ್ಳಿ. ನೀರಿನ ದುಡ್ಡೂ ಅದೇ ಬಿಲ್ಲಲ್ಲಿ ಬರುತ್ತೆ, ಆದ್ರೆ ಅದು ಸ್ಕಾಟಿಷ್ ವಾಟರ್‌ಗೆ ಹೋಗೋದು. ಮನೆಯವ್ರು ಮೊದ್ಲು ಒಬ್ರೇ ಬಂದಿರ್ತಾರೆ ಅಂದ್ರೆ ಅಷ್ಟು ದಿನ ಟ್ಯಾಕ್ಸಲ್ಲಿ 25% ಕಮ್ಮಿ ಆಗುತ್ತೆ, ಅರ್ಜಿ ಹಾಕೋಕೆ ಹೇಳಿ. ಸ್ಕೂಲು ಮನೆ ಅಡ್ರೆಸ್ ಮೇಲೆ, ಬೇರೆ ಸ್ಕೂಲ್ ಬೇಕಂದ್ರೆ ಪ್ಲೇಸಿಂಗ್ ರಿಕ್ವೆಸ್ಟ್ ಹಾಕ್ಬೇಕು. ಮಗಳಿಗೆ ಬಸ್ ಕಾರ್ಡ್ ಮಾಡ್ಸಿ, 2022ರಿಂದ ಇಲ್ಲಿ ವಾಸ ಇರೋ 22ರ ಒಳಗಿನವ್ರಿಗೆಲ್ಲ ಬಸ್ ಫ್ರೀ.

ಇನ್ನೊಬ್ಬರ ಪ್ರಶ್ನೆ: ಅಕ್ಕಾ, ಇಂಡಿಯನ್ ಪಾಸ್‌ಪೋರ್ಟ್ ಇರೋರು ಅಲ್ಲಿ ಓಟ್ ಹಾಕ್ಬಹುದಾ?

ಉತ್ತರ: ಹೂಂ, ಕೌನ್ಸಿಲ್ ಎಲೆಕ್ಷನ್ನಲ್ಲಿ ಹಾಕ್ಬಹುದು! ವೀಸಾ ಮೇಲೆ ಕಾನೂನು ಪ್ರಕಾರ ವಾಸ ಇದ್ರೆ ಸಾಕು, ಕಾಮನ್‌ವೆಲ್ತ್ ದೇಶದವ್ರಿಗೆ ಹಕ್ಕಿದೆ, ವಯಸ್ಸು 16 ಆಗಿದ್ರೆ ಆಯ್ತು. ಆದ್ರೆ ಹೆಸರು ತಾನಾಗೇ ಸೇರಲ್ಲ, ನೀವೇ ರಿಜಿಸ್ಟರ್ ಮಾಡ್ಬೇಕು, ನಮ್ಮೋರು ಎಷ್ಟೋ ಜನ ಇದನ್ನ ಬಿಟ್ಬಿಡ್ತಾರೆ, ನನಗೆ ಬೇಜಾರಾಗುತ್ತೆ. 2007ರಿಂದ ಈ ಎಲೆಕ್ಷನ್ ಬ್ಯಾಲೆಟ್‌ನಲ್ಲಿ ಗುರುತು ಹಾಕಲ್ಲ, ಇಷ್ಟದ ಪ್ರಕಾರ 1, 2, 3 ಅಂತ ನಂಬರ್ ಬರೀಬೇಕು, ಒಂದು ವಾರ್ಡಿಗೆ ಸಾಮಾನ್ಯವಾಗಿ ಮೂರ್ನಾಲ್ಕು ಜನ ಗೆಲ್ತಾರೆ. ಬಸ್ ನಿಂತೋಯ್ತು ಅಂದ್ರೆ ಅವ್ರಲ್ಲಿ ಒಬ್ರಿಗೆ ಅಲ್ಲ, ಅಷ್ಟೂ ಜನಕ್ಕೆ ಮೇಲ್ ಹಾಕಿ. ಮುಂದಿನ ಕೌನ್ಸಿಲ್ ಎಲೆಕ್ಷನ್ 2027ರ ಮೇ ತಿಂಗಳಲ್ಲಿ.