ಹಿಂಬದಿ ಗೇಟಿನಾಚೆಯ ಕಾಲುದಾರಿಗೆ ಬೇಲಿ: ಮುಂದೇನು ಮಾಡಬೇಕು?

ಸಂಘದ ಕಾರ್ಯದರ್ಶಿ
ಎಲ್ಲ ನಿವಾಸಿಗಳಿಗೂ ನಮಸ್ಕಾರ. ನಮ್ಮ ಬಡಾವಣೆಯ ಹಿಂಬದಿ ಗೇಟಿನಿಂದ ಹೊರಟು, ಹೊಲದ ಬದುಗಳ ಮೇಲೆ ಸಾಗಿ, ಹಳ್ಳ ದಾಟಿ ಆಚೆಯ ಊರನ್ನು ತಲುಪುವ ಕಾಲುದಾರಿಗೆ ಕಳೆದ ಭಾನುವಾರ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಬಿಗಿಯಲಾಗಿದೆ. ಈ ದಾರಿಯಲ್ಲಿ ಎರಡು ಕಿಲೋಮೀಟರಿಗೆ ಮುಗಿಯುವ ನಡಿಗೆ, ಹೆದ್ದಾರಿ ಸುತ್ತಿದರೆ ಐದು ಕಿಲೋಮೀಟರ್ ಆಗುತ್ತದೆ. ಹೆದ್ದಾರಿಯ ಬದಿಯಲ್ಲಿ ನಡೆಯುವವರಿಗೆ ಕಾಲಿಡಲೂ ಜಾಗವಿಲ್ಲ. ಸಂಘದಿಂದ ಏನು ಮಾಡಬಹುದು ಎಂಬುದನ್ನು ದಯವಿಟ್ಟು ಇಲ್ಲಿ ತಿಳಿಸಿ. ವಿಷಯ ಬಿಟ್ಟು ಬೇರೆ ಸಂದೇಶಗಳನ್ನು ಹಾಕಬೇಡಿ.

ಎರಡನೇ ಅಡ್ಡರಸ್ತೆ, ಮನೆ 14
ಇಂದು ಬೆಳಿಗ್ಗೆ ಏಳೂವರೆಗೆ ನಾನು ಅಲ್ಲಿಗೆ ಹೋಗಿದ್ದೆ. ಕೆಳಗಿನ ತಂತಿಗೆ ಯಾರೋ ಒಂದು ಕವೆಗೋಲು ಕೊಟ್ಟು ಮೇಲೆತ್ತಿದ್ದಾರೆ. ಶಾಲೆಗೆ ಬರುವ ಮಕ್ಕಳು ಮೊದಲು ಚೀಲಗಳನ್ನು ಈಚೆಗೆ ತಳ್ಳಿ, ಆಮೇಲೆ ಅಂಗಾತ ಮಲಗಿ, ಮುಳ್ಳು ಮುಖಕ್ಕೆ ತಾಗದಂತೆ ತಂತಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ತೆವಳಿ ಬರುತ್ತಿದ್ದರು. ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕನಿಗೆ ಹಾಗೆ ನುಸುಳಲಾಗದೆ ಹೆದ್ದಾರಿಯಲ್ಲಿ ಬಂದು ಮುಟ್ಟುವಷ್ಟರಲ್ಲಿ ಒಂಬತ್ತು ಗಂಟೆಯಾಗಿತ್ತು. ಒಂದು ಇಕ್ಕಳ ಸಾಕು, ಇವತ್ತೇ ಮುಗಿಸಬಹುದು ಎಂದು ನನಗೆ ಅನ್ನಿಸಿದ್ದು ಸುಳ್ಳಲ್ಲ.

ಮೊದಲನೇ ಅಡ್ಡರಸ್ತೆ, ಮನೆ 3
ಮೇಡಂ, ತಂತಿಗೆ ಕೈ ಹಚ್ಚಿದರೆ ದೂರು ನಮ್ಮ ಮೇಲೆಯೇ ಆಗುತ್ತದೆ. ತಹಶೀಲ್ದಾರರ ಆದೇಶ ಬರುವವರೆಗೆ ಯಾರೂ ಆ ಕಡೆ ಹೋಗದಿರುವುದೇ ಕ್ಷೇಮ.

ಮುಖ್ಯರಸ್ತೆ, ಮನೆ 31
ತಂತಿ ಕತ್ತರಿಸಬಾರದು ಎಂಬುದನ್ನು ಒಪ್ಪುತ್ತೇನೆ. ನಡೆಯುವುದನ್ನು ನಿಲ್ಲಿಸಬೇಕು ಎಂಬುದನ್ನು ವಕೀಲನಾಗಿ ಒಪ್ಪಲಾರೆ. ಭೂಮಿಯ ಬಳಕೆಯ ಹಕ್ಕಿನ ವಿಚಾರದಲ್ಲಿ ಶಾಂತಿಭಂಗವಾಗುವ ಸಂಭವವಿದ್ದರೆ ಕಾರ್ಯನಿರ್ವಾಹಕ ದಂಡಾಧಿಕಾರಿಗಳು (ತಾಲ್ಲೂಕಿನಲ್ಲಿ ಸಾಮಾನ್ಯವಾಗಿ ತಹಶೀಲ್ದಾರರೇ) ವಿಚಾರಣೆ ನಡೆಸಿ, ಅಡ್ಡಿಪಡಿಸದಂತೆ ಆದೇಶಿಸಬಹುದು. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 147ನೇ ಕಲಮಿನಲ್ಲಿದ್ದ ಈ ಅಧಿಕಾರ ಈಗ 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 166ನೇ ಕಲಮಿನಲ್ಲಿದೆ. ಆದರೆ ವರ್ಷವಿಡೀ ಬಳಸುವ ದಾರಿಯಾಗಿದ್ದರೆ, ದಂಡಾಧಿಕಾರಿಗಳಿಗೆ ಮಾಹಿತಿ ಹೋಗುವ ಹಿಂದಿನ ಮೂರು ತಿಂಗಳೊಳಗೆ ಆ ಹಕ್ಕನ್ನು ಚಲಾಯಿಸಿರಲೇಬೇಕು ಎಂಬ ಷರತ್ತು ಅದರಲ್ಲಿದೆ. ಜಗಳ ಬೇಡವೆಂದು ನಾಲ್ಕು ತಿಂಗಳು ಸುಮ್ಮನಿದ್ದು ಆಮೇಲೆ ಅರ್ಜಿ ಕೊಟ್ಟರೆ, ನಮ್ಮ ಸೌಜನ್ಯವೇ ನಮಗೆ ಮುಳುವಾಗುತ್ತದೆ. ಆದ್ದರಿಂದ ಅರ್ಜಿ ಈ ವಾರವೇ ಹೋಗಬೇಕು. ಬೇಲಿ ಹಾಕುವ ಮುನ್ನ ಈ ದಾರಿಯಲ್ಲಿ ನಡೆದವರು ಯಾರು, ಎಷ್ಟು ವರ್ಷದಿಂದ, ಯಾವ ಕೆಲಸಕ್ಕೆ ಎಂಬ ಹೇಳಿಕೆಗಳು ಸಹಿಯೊಂದಿಗೆ ಅದರ ಜೊತೆಗಿರಬೇಕು. ನಮ್ಮ ಸಹಿಗಳಿಗಿಂತ ಊರಿನವರ ಸಹಿಗಳಿಗೆ ತೂಕ ಹೆಚ್ಚು, ಏಕೆಂದರೆ ನಾವು ಇಲ್ಲಿಗೆ ಬಂದು ಹನ್ನೊಂದು ವರ್ಷವಾಗಿದೆ, ಅಷ್ಟೆ. 1882ರ ಅನುಭೋಗ ಹಕ್ಕುಗಳ ಕಾಯಿದೆಯಂತೆ ಖಾಸಗಿ ಜಮೀನಿನ ಮೇಲೆ ದೀರ್ಘ ಬಳಕೆಯಿಂದ ದಾರಿಯ ಹಕ್ಕು ಸಿದ್ಧಿಸಲು ಇಪ್ಪತ್ತು ವರ್ಷಗಳ ನಿರಂತರ, ಬಹಿರಂಗ ಬಳಕೆ ಬೇಕು.

ನಾಲ್ಕನೇ ಅಡ್ಡರಸ್ತೆ, ಮನೆ 47
ನಾನು ಭೂಮಾಪಕನಾಗಿ ನಿವೃತ್ತನಾದವನು. ಬಳಕೆಯ ಹಕ್ಕಿಗೆ ಹೋಗುವ ಮುನ್ನ ಅದು ಖಾಸಗಿ ಜಮೀನೇ ಹೌದೇ ಎಂಬುದನ್ನು ನೋಡಬೇಕು. ನಿನ್ನೆ ಗ್ರಾಮ ನಕಾಶೆಯ ಪ್ರತಿ ತರಿಸಿ ನೋಡಿದೆ. ದಾರಿ ಚುಕ್ಕೆ ಗೆರೆಯಾಗಿ ಸ್ಪಷ್ಟವಾಗಿದೆ, ಅಂದರೆ ಇದು ನಮ್ಮಲ್ಲಿ ಹೇಳುವಂತೆ ‘ನಕಾಶೆ ಕಂಡ ದಾರಿ’. ಆದರೆ ಗೆರೆ ಕಂಡ ಮಾತ್ರಕ್ಕೆ ಎಲ್ಲವೂ ಮುಗಿಯಲಿಲ್ಲ. ಕೆಲವು ಸರ್ವೆ ನಂಬರುಗಳಲ್ಲಿ ದಾರಿಯ ವಿಸ್ತೀರ್ಣವನ್ನು ಖರಾಬು, ಅಂದರೆ ಸಾಗುವಳಿಯ ಲೆಕ್ಕಕ್ಕೆ ಸೇರದ ಜಾಗ, ಎಂದು ಕಳೆದಿರುತ್ತಾರೆ, ಕೆಲವದರಲ್ಲಿ ಬರೀ ಗೆರೆಯಿರುತ್ತದೆ. ಖರಾಬಿನಲ್ಲೂ ಎರಡು ಬಗೆ: ಬಂಡೆ, ಕಣ, ಮನೆಯಂತಹ ಕಾರಣಕ್ಕೆ ಸಾಗುವಳಿಗೆ ಬಾರದ್ದು ‘ಎ’ ಖರಾಬು; ರಸ್ತೆ, ಕಾಲುದಾರಿ, ಹಳ್ಳದಂತಹ ಸಾರ್ವಜನಿಕ ಉದ್ದೇಶಕ್ಕೆ ಬಿಟ್ಟದ್ದು ‘ಬಿ’ ಖರಾಬು. ಬಿ ಖರಾಬು ಪಹಣಿದಾರರ ಸ್ವತ್ತಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 67ನೇ ಕಲಮಿನಂತೆ ಸಾರ್ವಜನಿಕ ರಸ್ತೆ, ಓಣಿ, ದಾರಿಗಳು ಸರ್ಕಾರದ್ದು. ಅದರ ಮೇಲಿನ ಒತ್ತುವರಿಯನ್ನು 104ನೇ ಕಲಮಿನಡಿ ತೆರವುಗೊಳಿಸಬಹುದು. ದಾರಿ ಬೇಡವಾಗಿದೆ ಎಂದಾದರೂ ಅದನ್ನು ಮುಚ್ಚಲು 68ನೇ ಕಲಮಿನ ಪ್ರಕಾರ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಕೇಳಬೇಕು. ಕಂಬ ನೆಟ್ಟು ಮುಚ್ಚುವ ಪದ್ಧತಿ ಕಾಯಿದೆಯಲ್ಲಿ ಇಲ್ಲ.

ದಾರಿ ಹಾಯುವ ಒಂಬತ್ತು ಸರ್ವೆ ನಂಬರುಗಳಲ್ಲಿ ಆರರ ಪಹಣಿಯಲ್ಲಿ ಬಿ ಖರಾಬು ಇದೆ. ಬೇಲಿ ಹಾಕಿರುವುದು ಉಳಿದ ಮೂರರಲ್ಲೊಂದರಲ್ಲಿ. ಆದ್ದರಿಂದ ಪಹಣಿಯಷ್ಟೇ ಸಾಲದು, ಆ ಸರ್ವೆ ನಂಬರಿನ ಮೂಲ ಟಿಪ್ಪಣಿ (ಅಳತೆಯ ದಾಖಲೆ) ಮತ್ತು ಆಕಾರಬಂದ್ (ವಿಸ್ತೀರ್ಣ, ಖರಾಬು, ಕಂದಾಯ ನಮೂದಿಸಿದ ದಾಖಲೆ) ಪ್ರತಿಗಳಿಗೂ ಅರ್ಜಿ ಹಾಕಬೇಕು. ಹಳೆಯ ಅಳತೆಯವರು 33 ಅಡಿಯ ಸರಪಳಿಯನ್ನು ಹದಿನಾರು ಆಣೆಗೆ ಭಾಗ ಮಾಡಿಕೊಂಡು ಅಳೆದವರು. ಟಿಪ್ಪಣಿಯಲ್ಲಿ ದಾರಿಗೆ ಮೂರು ಆಣೆ ಎಂದು ಬರೆದಿದ್ದರೆ ಅದು ಆರು ಅಡಿಗೆ ತುಸು ಮೇಲೆ. ಒಂದು ಸರಪಳಿ ಉದ್ದಗಲದ ಚೌಕವೇ 1089 ಚದರ ಅಡಿಯ ಒಂದು ಗುಂಟೆ. ಆರು ಅಡಿ ಅಗಲದ ದಾರಿ ಒಂದು ಕಿಲೋಮೀಟರ್ ಹೋದರೆ ಹದಿನೆಂಟು ಗುಂಟೆ ತಿನ್ನುತ್ತದೆ, ಅಂದರೆ ಹೆಚ್ಚುಕಡಿಮೆ ಅರ್ಧ ಎಕರೆ. ಜಮೀನಿನವರಿಗೆ ಕಣ್ಣು ಬೀಳುವುದು ಏಕೆಂದು ಇದರಿಂದ ಅರ್ಥವಾಗುತ್ತದೆ.

ಎರಡನೇ ಅಡ್ಡರಸ್ತೆ, ಮನೆ 14
ಸರ್, ನಮಗಿದ್ಯಾವುದೂ ತಿಳಿದಿರಲಿಲ್ಲ. ಇಕ್ಕಳದ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ.

ಮೂರನೇ ಅಡ್ಡರಸ್ತೆ, ಮನೆ 22
ನಾನು ಜಮೀನಿನವರನ್ನು ಕಂಡು ಮಾತನಾಡಿದೆ. ನಡೆಯುವವರ ಬಗ್ಗೆ ಅವರಿಗೆ ಮೊದಲು ತಕರಾರಿರಲಿಲ್ಲವಂತೆ. ಎರಡು ವರ್ಷದಿಂದ ಬೈಕುಗಳು ಬದು ಕುಸಿಯುವಂತೆ ಓಡಾಡುತ್ತಿವೆ, ಮನೆ ಒಡೆದ ಇಟ್ಟಿಗೆ ಚೂರುಗಳನ್ನು ರಾತ್ರಿ ಹೊಲದಂಚಿಗೆ ಸುರಿಯುತ್ತಾರೆ ಎಂದರು. ಆ ಚೂರುಗಳನ್ನು ನಾನೂ ನೋಡಿದೆ. ನಮ್ಮ ಬಡಾವಣೆಯಲ್ಲಿ ಕಳೆದ ವರ್ಷ ಕಿತ್ತ ಹಸಿರು ನೆಲಹಾಸಿನ ಬಿಲ್ಲೆಗಳು ಅದರಲ್ಲಿವೆ. ಮಲೆನಾಡಿನಲ್ಲಿ ಬೇಲಿಗೆ ಉಣುಗೋಲು ಇಡುವಂತೆ, ಜನ ದಾಟಿ ದನವೂ ಬೈಕೂ ದಾಟದ ಹಾಗೆ ಎರಡು ಕಲ್ಲುಕಂಬಗಳ ನಡುವೆ ಸಂದು ಬಿಟ್ಟರೆ ಅವರು ಒಪ್ಪಬಹುದು ಎಂದು ನನ್ನ ಅಂದಾಜು. ಆದರೂ ಅರ್ಜಿಯನ್ನು ತಡೆಹಿಡಿಯಬೇಡಿ. ಬಾಯಿಮಾತಿನ ಒಪ್ಪಂದ ಜಮೀನು ಮಾರಾಟವಾದ ದಿನ ಮುಗಿಯುತ್ತದೆ.

ನಾಲ್ಕನೇ ಅಡ್ಡರಸ್ತೆ, ಮನೆ 47
ಇನ್ನೊಂದು ವಿಷಯವನ್ನು ಹೇಳಲೋ ಬೇಡವೋ ಎಂದು ಯೋಚಿಸಿ ಈಗ ಬರೆಯುತ್ತಿದ್ದೇನೆ. ನಕಾಶೆಯ ಚುಕ್ಕೆ ಗೆರೆ ನಮ್ಮ ಹಿಂಬದಿ ಗೇಟಿನಲ್ಲಿ ನಿಲ್ಲುವುದಿಲ್ಲ. ಅದು ಒಳಗೆ ಬಂದು, ಉದ್ಯಾನದ ಮಗ್ಗುಲಲ್ಲಿ ಸಾಗಿ, ಮುಂದಿನ ಗೇಟಿನ ಬಳಿ ಪೇಟೆ ರಸ್ತೆಯನ್ನು ಸೇರುತ್ತದೆ. ಆ ಭಾಗದ ಬಿ ಖರಾಬು ಆರು ಗುಂಟೆ. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಅದಕ್ಕೆ ಬೀಗ ಹಾಕುತ್ತಿರುವವರು ನಾವು.

ಮೊದಲನೇ ಅಡ್ಡರಸ್ತೆ, ಮನೆ 3
ಸರ್, ಭದ್ರತೆಯ ದೃಷ್ಟಿಯಿಂದ ಸಭೆಯಲ್ಲೇ ತೀರ್ಮಾನಿಸಿ ಹಾಕಿದ ಬೀಗವದು. ಅಪರಿಚಿತರು ರಾತ್ರಿ ಓಡಾಡಿದರೆ ಹೊಣೆ ಯಾರದು?

ಮುಖ್ಯರಸ್ತೆ, ಮನೆ 31
ನಿಮ್ಮ ಆತಂಕ ಸಹಜವಾದದ್ದು. ಆದರೆ ತಹಶೀಲ್ದಾರರು ಅಳತೆಗೆ ಆದೇಶಿಸಿದರೆ ಭೂಮಾಪಕರು ಸರಪಳಿಯನ್ನು ಬೇಲಿಯ ಹತ್ತಿರ ನಿಲ್ಲಿಸುವುದಿಲ್ಲ, ನಮ್ಮ ಗೇಟಿಗೂ ತರುತ್ತಾರೆ. ಎದುರು ಪಕ್ಷದವರು ಕೇಳುವ ಮೊದಲ ಪ್ರಶ್ನೆಯೂ ಅದೇ ಆಗಿರುತ್ತದೆ. ದೀಪ ಹಾಕಿಸೋಣ, ಕಾವಲುಗಾರರನ್ನು ಅಲ್ಲೇ ಕೂರಿಸೋಣ. ಬೀಗವನ್ನು ಮಾತ್ರ ಸಮರ್ಥಿಸಲು ನನ್ನಿಂದಾಗದು.

ಸಂಘದ ಕಾರ್ಯದರ್ಶಿ
ಪದಾಧಿಕಾರಿಗಳೊಂದಿಗೆ ಮಾತನಾಡಿದ್ದೇನೆ. ಟಿಪ್ಪಣಿ, ಆಕಾರಬಂದ್ ಪ್ರತಿಗಳಿಗೆ ನಾಲ್ಕನೇ ಅಡ್ಡರಸ್ತೆಯ ಹಿರಿಯರು ನಾಳೆ ಅರ್ಜಿ ಹಾಕುತ್ತಾರೆ. ಶನಿವಾರ ಸಂಜೆ ಐದು ಗಂಟೆಗೆ ನಾವು ಕೆಲವರು ಊರಿಗೆ ಹೋಗಿ ಹೇಳಿಕೆಗಳನ್ನು ಬರೆದುಕೊಳ್ಳಲಿದ್ದೇವೆ. ಬರುವವರು ಬೇಲಿಯವರೆಗೆ ನಡೆದು, ಅಲ್ಲಿ ಫೋಟೋ ತೆಗೆದು, ತಂತಿಯನ್ನು ಮುಟ್ಟದೆ ಹಿಂತಿರುಗಿ ಹೆದ್ದಾರಿ ಸುತ್ತಿ ಬರಬೇಕು. ಆ ಐದು ಕಿಲೋಮೀಟರನ್ನು ನಮ್ಮಲ್ಲಿ ಹೆಚ್ಚಿನವರು ಒಮ್ಮೆಯೂ ನಡೆದಿಲ್ಲ. ಇಟ್ಟಿಗೆ ಚೂರುಗಳನ್ನು ಸಂಘದ ಖರ್ಚಿನಲ್ಲೇ ಸೋಮವಾರ ತೆಗೆಸಲಾಗುವುದು. ಹಿಂಬದಿ ಗೇಟಿನ ಬೀಗದ ಕೈ ಈಗ ನನ್ನ ಬಳಿಯಿದೆ, ಇಂದು ರಾತ್ರಿ ಬೀಗ ಹಾಕುವುದಿಲ್ಲ.