‘ಗುತ್ತಿಗೆದಾರ’ ಅಂದರೆ ಲಾರಿ ಓಡಿಸುವವನಾ, ಲಾರಿ ಕಳಿಸುವವನಾ?

ಗೆಳೆಯರೇ, ನಮಸ್ಕಾರ.

ಸೇನೆಗಳು ತಮ್ಮ ಸಾಮಾನು ಸಾಗಿಸಲು, ಕೆಟ್ಟು ನಿಂತ ಗಾಡಿಗಳನ್ನು ಎಳೆದು ತರಲು ಹೊರಗಿನ ಕಂಪನಿಗಳ ಜನರನ್ನು ಬಳಸುವ ಬಗ್ಗೆ ಒಂದು ಲೇಖನದ ಕನ್ನಡ ತಿದ್ದುತ್ತಿದ್ದೇನೆ. ಅದರಲ್ಲಿ ಪುಟಕ್ಕೆ ನಾಲ್ಕು ಸಲ ‘ನಾಗರಿಕ ಗುತ್ತಿಗೆದಾರ’ ಬರುತ್ತಾನೆ. ಈ ಪದ ನನಗೆ ಒಪ್ಪಿಗೆಯಾಗುತ್ತಿಲ್ಲ. ಯಾಕೆ ಅಂತ ಹೇಳುತ್ತೇನೆ. ನಿಮಗೆ ಬೇರೆ ಅನ್ನಿಸಿದರೆ ತಕರಾರು ತೆಗೆಯಿರಿ.

ಲೇಖನದ ಒಂದು ಸಾಲು ಹೀಗಿದೆ: “2004ರ ಏಪ್ರಿಲ್ 9ರಂದು ಬಾಗ್ದಾದ್ ಬಳಿ ಅಮೆರಿಕದ ನಾಗರಿಕ ಗುತ್ತಿಗೆದಾರನೊಬ್ಬ ಬಂಡುಕೋರರ ಕೈಗೆ ಸಿಕ್ಕಿಬಿದ್ದ.” ಇದು ಥಾಮಸ್ ಹ್ಯಾಮಿಲ್ ಅವರ ವಿಷಯ. ಮಿಸಿಸಿಪಿಯಲ್ಲಿ ಹಸು ಸಾಕಿ ಹಾಲು ಮಾರುತ್ತಿದ್ದ ರೈತ. ಕೈಗೆ ಹತ್ತದೆ ಅದನ್ನು ಬಿಟ್ಟು, ಸೇನೆಯ ಸಾಗಣೆ ಗುತ್ತಿಗೆ ಹಿಡಿದಿದ್ದ ಕೆಬಿಆರ್ ಕಂಪನಿಯ ಲಾರಿ ಓಡಿಸಲು ಇರಾಕಿಗೆ ಹೋದರು. ಸೇನೆಗೆ ಇಂಧನ ಒಯ್ಯುತ್ತಿದ್ದ ಟ್ಯಾಂಕರ್ ಸಾಲಿನ ಮೇಲೆ ದಾಳಿ ಆಯಿತು. ಜೊತೆಗಿದ್ದ ಹಲವು ಚಾಲಕರು ಸತ್ತರು, ಇವರು ಸೆರೆಯಾದರು. ಮೇ 2ರಂದು ತಾವೇ ತಪ್ಪಿಸಿಕೊಂಡು, ಆ ದಾರಿಯಲ್ಲಿ ಬಂದ ಅಮೆರಿಕದ ಸೈನಿಕರತ್ತ ಓಡಿ ಬದುಕಿದರು.

ಈಗ ಹೇಳಿ, ಇವರು ಗುತ್ತಿಗೆದಾರರಾ? ನಮ್ಮಲ್ಲಿ ಗುತ್ತಿಗೆದಾರ ಅಂದರೆ ಟೆಂಡರ್ ಹಿಡಿಯುವವನು. ಬಿಲ್ ಪಾಸಾಗಲಿಲ್ಲ ಅಂತ ಕಚೇರಿಗೆ ಅಲೆಯುವವನು. ಅವನ ಕೈಕೆಳಗೆ ಮೈಮುರಿದು ದುಡಿಯುವವನು ಗುತ್ತಿಗೆ ಕಾರ್ಮಿಕ, ಇಲ್ಲವೇ ಗುತ್ತಿಗೆ ನೌಕರ. ಈ ವ್ಯತ್ಯಾಸ ನಗರಸಭೆಯ ಕಸದ ಲಾರಿ ಚಾಲಕನಿಗೂ ಗೊತ್ತು. ಇಂಗ್ಲಿಷಿನಲ್ಲಿ ಕಂಪನಿಗೂ ಕೂಲಿಯವನಿಗೂ ‘ಕಾಂಟ್ರಾಕ್ಟರ್’ ಅಂತ ಒಂದೇ ಪದ ನಡೆಯುತ್ತದೆ. ಅವರಿಗಿಲ್ಲದ ಅನುಕೂಲ ನಮಗಿದೆ. ಅದನ್ನು ಬಿಟ್ಟುಕೊಟ್ಟು ಅವರ ಗೊಂದಲವನ್ನು ಎರವಲು ತರುವುದು ಯಾಕೆ? ಹ್ಯಾಮಿಲ್ ವಿಷಯದಲ್ಲಿ ಗುತ್ತಿಗೆದಾರ ಕೆಬಿಆರ್. ಅವರು ಚಾಲಕ.

ಮೇಲಿನಿಂದ ಕೆಳಗೆ ಇಳಿದಷ್ಟೂ ಇದು ಮುಖ್ಯವಾಗುತ್ತದೆ. ಅಮೆರಿಕದ ಭೂಸೇನೆ ಇಂಥ ಕೆಲಸಗಳನ್ನು ಹೊರಗೆ ಕೊಡಲು ‘ಲಾಗ್‌ಕ್ಯಾಪ್’ ಅನ್ನುವ ಏರ್ಪಾಡು ಮಾಡಿದ್ದು 1985ರಲ್ಲಿ. ದೊಡ್ಡ ಕಂಪನಿ ಗುತ್ತಿಗೆ ಹಿಡಿಯುತ್ತದೆ, ಅದು ಇನ್ನೊಂದಕ್ಕೆ ಒಳಗುತ್ತಿಗೆ ಕೊಡುತ್ತದೆ, ಅದು ಮತ್ತೊಂದಕ್ಕೆ. ಸ್ಟೀರಿಂಗ್ ಹಿಡಿದವನು ಎಷ್ಟೋ ಸಲ ಏಷ್ಯಾದ ಯಾವುದೋ ಹಳ್ಳಿಯವನು. 2004ರ ಜುಲೈನಲ್ಲಿ ಕುವೈತಿನ ಸಾಗಣೆ ಕಂಪನಿಯೊಂದರ 7 ಚಾಲಕರನ್ನು ಇರಾಕಿನಲ್ಲಿ ಅಪಹರಿಸಿದರು. 3 ಜನ ಭಾರತದವರು, 3 ಜನ ಕೀನ್ಯಾದವರು, ಒಬ್ಬ ಈಜಿಪ್ಟಿನವನು. ಸೆಪ್ಟೆಂಬರ್ 1ಕ್ಕೆ ಬಿಡುಗಡೆಯಾದರು. ಅವರನ್ನು ಗುತ್ತಿಗೆದಾರರು ಅಂತ ಬರೆದರೆ ಓದುವವರು ನಗುತ್ತಾರೆ ಅಲ್ವಾ? ಹಾಗಿದ್ದರೆ ಹ್ಯಾಮಿಲ್‌ಗೆ ಮಾತ್ರ ಯಾಕೆ ಆ ಬಡ್ತಿ?

ಅಂದಹಾಗೆ 1949ರ ಮೂರನೇ ಜಿನೀವಾ ಒಪ್ಪಂದದ 4ನೇ ವಿಧಿ ಈ ಜನರನ್ನು ಚೆನ್ನಾಗಿ ಗುರುತಿಸುತ್ತದೆ. ಸೇನೆಗೆ ಸೇರದೆ ಸೇನೆಯ ಜೊತೆಗೆ ಹೋಗುವವರು ಅನ್ನುತ್ತದೆ. ಯುದ್ಧ ವರದಿಗಾರರು, ಸರಬರಾಜು ಗುತ್ತಿಗೆದಾರರು, ಕೂಲಿ ತಂಡದವರು, ಎಲ್ಲರೂ ಅಲ್ಲಿ ಬರುತ್ತಾರೆ. ಸೇನೆಯ ಅನುಮತಿ ಇದ್ದು ಸೆರೆಸಿಕ್ಕರೆ ಅವರು ಯುದ್ಧ ಕೈದಿಗಳೇ. ಗಮನಿಸಿ, ಗುತ್ತಿಗೆದಾರ ಬೇರೆ, ಕೂಲಿಯವನು ಬೇರೆ ಅಂತ ಅಲ್ಲೂ ಇದೆ.

‘ನಾಗರಿಕ’ದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ‘ನಾಗರಿಕ ಚಾಲಕ’ ಅಂದರೆ ಸಿಗ್ನಲ್‌ನಲ್ಲಿ ಹಾರ್ನ್ ಹೊಡೆಯದ ಸಭ್ಯ ಮನುಷ್ಯ ಅನ್ನಿಸುತ್ತದೆ. ‘ಸೇನೆಯವರಲ್ಲದ’ ಅಂದರೆ ಸಾಕು.

ಬ್ರಿಟನ್ನಿನ ಏರ್ಪಾಡು ಇನ್ನೂ ತೊಡಕಿನದಾಗಿತ್ತು. ಅಲ್ಲಿನ ಚಾಲೆಂಜರ್ 2 ಟ್ಯಾಂಕ್ 60 ಟನ್ನಿಗೂ ಮೇಲೆ ತೂಗುತ್ತದೆ. ಅದನ್ನು ದೂರ ಓಡಿಸಿದರೆ ಚೈನೂ ಹಾಳು, ರಸ್ತೆಯೂ ಹಾಳು. ಹಾಗಾಗಿ ದೈತ್ಯ ಟ್ರೇಲರ್ ಮೇಲೆ ಹೇರಿ ಒಯ್ಯಬೇಕು. 2001ರ ಕೊನೆಗೆ ಈ ಕೆಲಸವನ್ನು ಕೆಬಿಆರ್ ಮುಂದಾಳತ್ವದ ಖಾಸಗಿ ಕಂಪನಿಗೆ 20 ವರ್ಷಕ್ಕೆ ವಹಿಸಿದರು. ಆ ಒಪ್ಪಂದದಲ್ಲಿ ಟ್ರೇಲರ್ ಎಳೆಯುವ ಆಶ್ಕಾಶ್ ಲಾರಿಗಳೂ ಕಂಪನಿಯವೇ ಆಗಿದ್ದವು, ಓಡಿಸುವವರಲ್ಲಿ ಒಂದಷ್ಟು ಜನರೂ ಕಂಪನಿಯವರೇ ಆಗಿದ್ದರು. ಮಾಮೂಲಿ ದಿನಗಳಲ್ಲಿ ಈ ಕಂಪನಿಯವರು ಸಂಬಳದ ಚಾಲಕರಾಗಿದ್ದರು. ಯುದ್ಧಕ್ಕೆ ಕರೆ ಬಂದರೆ ಸಮವಸ್ತ್ರ ತೊಟ್ಟು ಸೈನಿಕರಾಗಬೇಕಿತ್ತು. ಇದಕ್ಕೆ ದಾರಿ ಮಾಡಿದ್ದು 1996ರ ಅಲ್ಲಿನ ಮೀಸಲು ಪಡೆ ಕಾಯ್ದೆ. ನಮ್ಮ ಲೇಖಕರು ಇವರನ್ನು ‘ಪ್ರಾಯೋಜಿತ ಮೀಸಲು ಸೈನಿಕರು’ ಮಾಡಿದ್ದಾರೆ. ಟಿವಿಯಲ್ಲಿ ಸೋಪಿನ ಕಂಪನಿ ಕಳಿಸಿದ ಸೈನಿಕರ ಹಾಗೆ ಕೇಳಿಸುತ್ತದೆ! ‘ಕಂಪನಿ ಮೀಸಲಾಳು’ ಅಂತ ಸದ್ಯಕ್ಕೆ ಹಾಕಿದ್ದೇನೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ಕೊಡಿ.

ಇನ್ನು ಎರಡನೇ ಪ್ರಶ್ನೆ, ‘ರಿಕವರಿ’, ಅಂದರೆ ಕೆಟ್ಟು ನಿಂತ ಇಲ್ಲವೇ ಹೂತ ಗಾಡಿಗಳನ್ನು ತೆಗೆದು ತರುವ ಕೆಲಸ. ಲೇಖನದಲ್ಲಿ ಒಂದು ಕಡೆ ‘ವಾಹನ ವಸೂಲಾತಿ’, ಇನ್ನೊಂದು ಕಡೆ ‘ವಾಹನ ಚೇತರಿಕೆ’. ಮೊದಲನೆಯದು ಓದಿದರೆ ಕಂತು ಕಟ್ಟದವರ ಬೈಕು ಜಪ್ತಿ ಮಾಡಲು ಬಂದ ಹಾಗಿದೆ. ಎರಡನೆಯದಕ್ಕೆ ಡಾಕ್ಟರೇ ಬೇಕು. ‘ಟೋ ಮಾಡುವುದು’ ಅಂದರೂ ಪೂರ್ತಿ ಆಗುವುದಿಲ್ಲ, ಅದು ಕೆಲಸದ ಒಂದು ಭಾಗ ಅಷ್ಟೇ. ಸೇನೆಯವರ ಕೆಲಸ ಎಂಥದ್ದು ನೋಡಿ. ಗಾಡಿ ಕೆಸರಲ್ಲಿ ಗಾಲಿ ಮಟ್ಟಕ್ಕೆ ಹೂತಿದ್ದರೆ ಎಳೆಯಲು ಅದರ ತೂಕದಷ್ಟೇ ಬಲ ಬೇಕು ಅಂತ ಅಮೆರಿಕದ ಸೇನೆಯ ಲೆಕ್ಕ. ಮಡ್‌ಗಾರ್ಡ್‌ವರೆಗೆ ಹೂತಿದ್ದರೆ ಎರಡು ಪಟ್ಟು. ಟ್ಯಾಂಕು ತೋಪಿನ ಗೋಪುರದವರೆಗೆ ಮುಳುಗಿದ್ದರೆ ಮೂರು ಪಟ್ಟು. ಅಂದರೆ 10 ಟನ್ನಿನ ಲಾರಿ ಮಡ್‌ಗಾರ್ಡ್‌ವರೆಗೆ ಇಳಿದಿದ್ದರೆ 20 ಟನ್ ಎಳೆತ. ಹಗ್ಗ ಸುತ್ತಿ ಎಳೆಯುವ ವಿಂಚಿಗೆ ಅಷ್ಟು ಕಸುವಿಲ್ಲದಿದ್ದರೆ ಹೂತ ಗಾಡಿಗೆ ರಾಟೆ ಕಟ್ಟಿ, ಹಗ್ಗವನ್ನು ಅದರ ಮೂಲಕ ವಾಪಸು ತಂದು ಬಿಗಿಯುತ್ತಾರೆ. ಆಗ ಎಳೆತ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಇಷ್ಟಕ್ಕೆಲ್ಲ ಕನ್ನಡದಲ್ಲಿ ಹೂತ ಗಾಡಿ ‘ಎಬ್ಬಿಸುವುದು’ ಅನ್ನಬಹುದಾ? ಶಿರಾಡಿ ಘಾಟಿಯಲ್ಲಿ ಮಗುಚಿದ ಲಾರಿಗೆ ‘ಎತ್ತಿಸಿದರು’ ಅನ್ನುತ್ತೇವೆ. ಆದರೆ ‘ಗಾಡಿ ಎತ್ತಿದರು’ ಅಂದರೆ ಕಳ್ಳತನ!

ನಮ್ಮ ಸೇನೆಯಲ್ಲಿ ಈ ಕೆಲಸ ಗಾಡಿ, ಯಂತ್ರಗಳ ದುರಸ್ತಿ ನೋಡಿಕೊಳ್ಳುವ ಇಎಂಇ ದಳದ್ದು. ಅವರ ರಿಕವರಿ ಟ್ಯಾಂಕುಗಳಲ್ಲಿ ಒಂದು ಬಗೆಯದನ್ನು ಪೋಲೆಂಡಿನ ವಿನ್ಯಾಸದಂತೆ ಕಟ್ಟಿದ್ದು ಬಿಇಎಂಎಲ್. ಬಾಡಿಗೆ ಲಾರಿಗಳಿಗೂ ನಮ್ಮಲ್ಲಿ ಒಂದು ಹೆಸರಿದೆ, ‘ಸಿಎಚ್‌ಟಿ’, ಅಂದರೆ ಸಿವಿಲ್ ಹೈರ್ಡ್ ಟ್ರಾನ್ಸ್‌ಪೋರ್ಟ್. ಚಳಿಗಾಲದಲ್ಲಿ ಕಣಿವೆ ದಾರಿಗಳು ಮುಚ್ಚುವ ಮೊದಲು ಲಡಾಖಿಗೆ ದಿನಸಿ, ಸೀಮೆಎಣ್ಣೆ ತುಂಬಿಸುವಾಗ ಈ ಲಾರಿಗಳು ಇಲ್ಲದೆ ನಡೆಯದು. 1965ರ ಯುದ್ಧದಲ್ಲಿ ಪಂಜಾಬಿನ ಲಾರಿಯವರು ಮುಂಚೂಣಿಯವರೆಗೂ ಮದ್ದುಗುಂಡು ಮುಟ್ಟಿಸಿದ್ದರು.

ಅಫ್ಘಾನಿಸ್ತಾನದ ಭಾಗದಲ್ಲಿ ಮಾತ್ರ ನನಗೆ ಅನುಮಾನವೇ ಇಲ್ಲ. ಅಮೆರಿಕದ 200 ಕೋಟಿ ಡಾಲರ್‌ಗೂ ಮೀರಿದ ಲಾರಿ ಗುತ್ತಿಗೆಯ ಹಣ ದಾರಿಯುದ್ದಕ್ಕೂ ಬಂದೂಕುಧಾರಿ ಧಣಿಗಳ ಜೇಬು ಸೇರುತ್ತಿದೆ ಅಂತ 2010ರಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿಯೇ ವರದಿ ಕೊಟ್ಟಿತು. ಲೇಖನದಲ್ಲಿ ಅದು ‘ಸಂರಕ್ಷಣಾ ಪಾವತಿ’ ಆಗಿತ್ತು. ‘ಹಫ್ತಾ’ ಅಂತ ತಿದ್ದಿದ್ದೇನೆ.

ಹಳೆಯ ಕನ್ನಡದಲ್ಲಿ ಏನಾದರೂ ಸಿಗುತ್ತದಾ? 1791ರಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿ ಶ್ರೀರಂಗಪಟ್ಟಣಕ್ಕೆ ಬಂದ ಬ್ರಿಟಿಷರ ಕಾರ್ನ್‌ವಾಲಿಸ್, ಎತ್ತುಗಳು ಸತ್ತು ತೋಪು ಎಳೆಯುವವರಿಲ್ಲದೆ ದೊಡ್ಡ ತೋಪುಗಳನ್ನು ತಾನೇ ಒಡೆಸಿ ಹಿಂದಿರುಗಿದ. ಆಮೇಲೆ ಅವನ ದಂಡಿಗೆ ಸಾವಿರಾರು ಎತ್ತುಗಳ ಮೇಲೆ ದವಸ ಹೇರಿ ತಂದವರಲ್ಲಿ ಲಂಬಾಣಿಗಳು ಮುಖ್ಯರು. ಅವರದ್ದು ವ್ಯಾಪಾರ, ಯುದ್ಧ ಅಲ್ಲ. ಊರೂರಿನ ಹಳೆಯ ದಾಖಲೆಗಳಾದ ಕೈಫಿಯತ್ತುಗಳಲ್ಲಿ ಇಂಥವರನ್ನು ಏನೆಂದು ಕರೆದಿದ್ದಾರೆ? ‘ಹೇರಿನವರು’ ಅನ್ನುವ ಬಳಕೆ ಯಾರಾದರೂ ನೋಡಿದ್ದೀರಾ?

ಇನ್ನೊಂದು. ಕೊಡಗು, ಬೆಳಗಾವಿ ಕಡೆ ನಿವೃತ್ತ ಸೈನಿಕರಿರುವ ಮನೆಗಳು ಬೇಕಾದಷ್ಟಿವೆ. ಇಎಂಇಯಲ್ಲೋ ಸೇನೆಗೆ ಸಾಮಾನು ಸಾಗಿಸುವ ಸರ್ವಿಸ್ ಕೋರ್‌ನಲ್ಲೋ ಇದ್ದವರು ಸಿಕ್ಕರೆ ದಯವಿಟ್ಟು ಕೇಳಿ: ಬಾಡಿಗೆ ಲಾರಿ ಓಡಿಸುವವನನ್ನು ಅವರು ಕನ್ನಡದಲ್ಲಿ ಏನೆನ್ನುತ್ತಿದ್ದರು? ಹೂತ ಗಾಡಿ ತೆಗೆಯುವುದಕ್ಕೆ ಏನೆನ್ನುತ್ತಿದ್ದರು? ಹಿಂದಿಯ ಪದವೇ ಬಂದರೂ ಪರವಾಗಿಲ್ಲ, ಅದನ್ನೇ ಬರೆದು ಕಳಿಸಿ.