1891ರ 20 ಡಾಲರ್ ಬಂಗಾರದ ನಾಣ್ಯ, ಕೊಂಡಿ ಬೆಸೆದಿದ್ದದ್ದು: ತಗೋಬಹುದಾ?

ಶಹಾಬಾದ್ ಕಲ್ಲು: ಕಲಬುರಗಿ ಸರಾಫ್ ಬಜಾರದಾಗ ಅಮೆರಿಕದ 20 ಡಾಲರ್ ಬಂಗಾರದ ನಾಣ್ಯ ಮಾರಾಟಕ್ಕ ಅದ. ಇಸವಿ 1891, ಹದ್ದಿನ ಬಾಲದ ಕೆಳಗ ಸಣ್ಣ ‘ಸಿಸಿ’. ಪದಕ ಮಾಡ್ಲಿಕ್ಕ ಕೊಂಡಿ ಬೆಸೆದಿದ್ದರು, ಈಗ ತೆಗೆದಾರ. ತೂಕ 33.4 ಗ್ರಾಂ. ಬಂಗಾರದ ಬೆಲಿಗಿಂತ ಬಾಳ ಹೆಚ್ಚು ಕೇಳ್ಲತ್ತಾರ. ಏನೇನು ನೋಡಬೇಕು? ಅಮೆರಿಕಕ್ಕ ಕಳಿಸಿ ದರ್ಜೆ (ಅಸಲಿಯೋ, ಎಷ್ಟು ಚಲೋ ಉಳಿದದ ಅನ್ನೋ ಅಂಕಿ) ಹಾಕಿಸಬಹುದಾ?

ಬೀದರ್ ನಾಣ್ಯಪ್ರಿಯ: ಮೊದಲು ಆ ಅಕ್ಷರ ನೋಡ್ರಿ, ಅದು ನಾಣ್ಯ ಹೊಡೆದ ಟಂಕಸಾಲಿಯ ಗುರುತು; ‘ಸಿಸಿ’ ಅಂದ್ರ ಕಾರ್ಸನ್ ಸಿಟಿ. 1891ರಾಗ ನೆವಾಡಾದ ಕಾರ್ಸನ್ ಸಿಟಿ ಟಂಕಸಾಲಿಯೊಳಗ ಹೊಡೆದದ್ದು ಬರೀ 5,000. ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೊದ ‘ಎಸ್’ ನಾಣ್ಯ 12,88,125. ಹಿಂಗಾಗಿ ‘ಎಸ್’ ಕೆರೆದು ‘ಸಿಸಿ’ ಅಂಟಿಸಿದ್ರ ಲಾಭ ದೊಡ್ಡದು. 10 ಪಟ್ಟು ತೋರಿಸೋ ಮಸೂರದಾಗ ಅಕ್ಷರದ ಬುಡ ನೋಡ್ರಿ. ಅಸಲಿ ಅಕ್ಷರ ನಾಣ್ಯದ ಮೈಯಿಂದಲೇ ಎದ್ದಿರ್ತದ. ಅಂಟಿಸಿದ್ದಾದ್ರ ಬುಡದ ಸುತ್ತ ಕೂದಲೆಳೆ ಗೀಟು ಇರ್ತದ, ಇಲ್ಲಾ ಬಣ್ಣ ಬೇರೆ. ಕೆರೆದ ಜಾಗದ ಮಿರುಗೂ ಸುತ್ತಲಿನ ಮೈಗೆ ಹೊಂದಂಗಿಲ್ಲ. ಎರಡು ‘ಸಿ’ಗಳ ಅಂತರ, ಎತ್ತರ ಎರಡನ್ನೂ ಖಾತ್ರಿಯಾದ ನಾಣ್ಯದ ಫೋಟೊಕ್ಕ ಹೋಲಿಸ್ರಿ. (ಅಕ್ಷರವೇ ಇಲ್ಲದ ಫಿಲಡೆಲ್ಫಿಯಾದ 1891 ಇನ್ನೂ ಅಪರೂಪ, ಚಲಾವಣೆಗೆ 1,390. ಅಲ್ಲಿ ‘ಎಸ್’ ಕೆರೆದುಬಿಟ್ರ ಸಾಕು, ಮೋಸ ಮುಗೀತು.)

ಭೀಮಾ ದಂಡಿ, ಯಾದಗಿರಿ: ಮೂಲ ತೂಕ 33.436 ಗ್ರಾಂ, ಅಗಲ 34 ಮಿ.ಮೀ. 90% ಬಂಗಾರ, ಉಳಿದದ್ದು ತಾಮ್ರ, ಅಂದ್ರ 21.6 ಕ್ಯಾರೆಟ್. ಬ್ರಿಟಿಷ್ ಬಂಗಾರದ ನಾಣ್ಯ ಗಿನ್ನಿಯ 22 ಕ್ಯಾರೆಟ್ ಲೆಕ್ಕ ಇಲ್ಲಿ ಹಚ್ಚಬ್ಯಾಡ್ರಿ. ಒರೆಗಲ್ಲಿಗೂ ತಿಕ್ಕಿಸಬ್ಯಾಡ್ರಿ, ಆ ಗಾಯ ಮಾಯಂಗಿಲ್ಲ.

ಲೋಹ ಅಸಲಿಯೋ ನೋಡ್ಲಿಕ್ಕ 0.01 ಗ್ರಾಂ ತೋರಿಸೋ ತಕ್ಕಡಿ ಮ್ಯಾಲ ನೀರಿನ ಲೋಟ ಇಟ್ಟು ಸೊನ್ನಿಗೆ ತರ್ರಿ. ನಾಣ್ಯ ತೆಳು ದಾರಕ್ಕ ಕಟ್ಟಿ, ತಳಕ್ಕ ತಾಗದಂಗ ಪೂರಾ ಮುಳುಗಿಸ್ರಿ. ತಕ್ಕಡಿ 1.93ರಿಂದ 1.95 ಗ್ರಾಂ ತೋರಿಸಬೇಕು. ಗಾಳಿಗುಳ್ಳಿ ಅಂಟಿದ್ರ ಅಂಕಿ ಏರ್ತದ, ನಾಣ್ಯ ಮೆಲ್ಲಗ ಅಲ್ಲಾಡಿಸಿ ಬಿಡಿಸ್ರಿ. ಆದ್ರ ಅಕ್ಷರ ತಿದ್ದಿದ ನಾಣ್ಯದ ಲೋಹ ಅಸಲಿನೇ, ಅದೂ ಇದರಾಗ ಪಾಸಾಗ್ತದ.

ಹಳೇ ರೊಕ್ಕ: ಕೊಂಡಿ ಇದ್ದ ಕಡೆ ಅಂಚಿನ ಗೀರುಗಳೊಳಗ ಬೆಸುಗೆ ತುಂಬಿರ್ತದ. ಪತ್ತಾರರ ಕಡೆ ಅರದಿಂದ ಉಜ್ಜಿಸಬ್ಯಾಡ್ರಿ, ಪಾಲಿಶೂ ಬ್ಯಾಡ. ಇಂಥದಕ್ಕ ದರ್ಜೆ ಸಂಸ್ಥೆಗಳು ಅಂಕಿ ಕೊಡಂಗಿಲ್ಲ, ‘ಅಸಲಿ, ಹಾನಿಯಾಗ್ಯದ’ ಅಂತಷ್ಟೇ ಬರೀತಾವ. ಬೆಲಿ ಅರ್ಧಕ್ಕಿಂತ ಕೆಳಗೂ ಇಳೀಬಹುದು.

ಕಳಿಸೋ ಮಾತು ಬಿಟ್ಟುಬಿಡ್ರಿ. 1972ರ ಪುರಾವಸ್ತು ಕಾಯ್ದೆ ಪ್ರಕಾರ 100 ವರ್ಷ ದಾಟಿದ ನಾಣ್ಯ ಪುರಾವಸ್ತು, ಖಾಸಗಿಯವರು ದೇಶದ ಹೊರಗ ಕಳಿಸುವಂಗಿಲ್ಲ. ವಿದೇಶಿ ನಾಣ್ಯಕ್ಕ ವಿನಾಯಿತಿ ಇಲ್ಲ. ಅಕ್ಷರದ ಮ್ಯಾಲ ಸಂಶಯ ಉಳಿದ್ರ ನಾಣ್ಯದಾಗಿರೋ 30.09 ಗ್ರಾಂ ಚೊಕ್ಕ ಬಂಗಾರದ ಬೆಲಿ ಮೀರಿ ಒಂದು ಪೈಸಾನೂ ಕೊಡಬ್ಯಾಡ್ರಿ.